ಪೈಥಾನ್‌ಪಾತ್ ಎಲ್ಲಿ ಬರೆಯಬೇಕೆಂದು ಕೇಳಿದ್ದೀರಿ; ಎಲ್ಲಿಯೂ ಬರೆಯಬೇಡಿ

ಟರ್ಮಿನಲ್‌ನಲ್ಲಿ ಸರಿಯಾಗಿ ಓಡುವ ಪೈಥಾನ್ ಸ್ಕ್ರಿಪ್ಟ್ ರಾತ್ರಿ ಕ್ರಾನ್ (ಹೇಳಿದ ಹೊತ್ತಿಗೆ ಕೆಲಸಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ) ಮೂಲಕ ಓಡುವಾಗ ಮಾತ್ರ ಮಾಡ್ಯೂಲ್ (ಬೇರೆ ಫೈಲಿನಲ್ಲಿಟ್ಟ ಕೋಡ್) ಸಿಗಲಿಲ್ಲವೆಂದು ನಿಂತುಬಿಡುತ್ತದೆ, ಆದ್ದರಿಂದ ಟರ್ಮಿನಲ್ ತೆರೆದಾಗ ಓದಲ್ಪಡುವ .ಬ್ಯಾಶ್‌ಆರ್‌ಸಿ ಫೈಲಿನಲ್ಲಿರುವ, ಮಾಡ್ಯೂಲ್‌ಗಳನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕೆಂದು ಹೇಳುವ ಪೈಥಾನ್‌ಪಾತ್ ಸಾಲನ್ನು ಕ್ರಾನ್ ಕರೆಯುವ ಶೆಲ್ ಫೈಲಿಗೂ ನಕಲು ಮಾಡಬೇಕೇ, ಇಲ್ಲವೇ ಸ್ಕ್ರಿಪ್ಟಿನೊಳಗೇ ಸಿಸ್.ಪಾತ್‌ಗೆ (ಪೈಥಾನ್ ಹುಡುಕುವ ಫೋಲ್ಡರುಗಳ ಪಟ್ಟಿಗೆ) ಫೋಲ್ಡರ್ ಸೇರಿಸಬೇಕೇ ಎಂದು ಕೇಳಿದ್ದೀರಿ. ಆ ಸಾಲನ್ನು ನಾನು ನಕಲು ಮಾಡಿದ್ದೆ. ಶಿರಸಿಯ ಒಂದು ಅಡಿಕೆ ವಖಾರಿಯಲ್ಲಿ ಹನ್ನೊಂದು ದಿನ ಬೆಳೆಗಾರರ ಪಟ್ಟಿಗಳು (ಬಿಲ್ಲುಗಳು) ತಪ್ಪು ತೂಕ ಹೊತ್ತು ಮುದ್ರಣವಾದದ್ದು ಅದರಿಂದಲೇ.

ಕೆಲವು ವರ್ಷಗಳ ಹಿಂದಿನ ಮಾತು. ವಖಾರಿಗೆ ಬಂದ ಅಡಿಕೆಯನ್ನು ಚೀಲಸಮೇತ ತೂಗಿ, ಚೀಲದ ತೂಕ ಕಳೆದು, ಉಳಿದ ನಿವ್ವಳ ತೂಕವನ್ನು ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು ಎಂದು ಆಯಾ ತರದ ಅಂದಿನ ದರಕ್ಕೆ ಗುಣಿಸಿ ಪಟ್ಟಿ ಬರೆಯುವ ಲೆಕ್ಕವನ್ನು ನಾನು ಪೈಥಾನ್‌ನಲ್ಲಿ ಮಾಡಿಕೊಟ್ಟಿದ್ದೆ. ಚೀಲದ ತೂಕ ಕಳೆಯುವ ಭಾಗವನ್ನು ಬೇರೆ ಸ್ಕ್ರಿಪ್ಟ್‌ಗಳೂ ಬಳಸಬೇಕಾಗಿದ್ದರಿಂದ ಅದನ್ನು 'ತೂಕ' ಎಂಬ ಪ್ರತ್ಯೇಕ ಮಾಡ್ಯೂಲ್ ಮಾಡಿ, ಲಿಬ್ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೆ. ಮೊದಲು ಎಲ್ಲ ಚೀಲಕ್ಕೂ 1 ಕಿಲೋ ಕಳೆಯುತ್ತಿದ್ದರು. ಪ್ಲಾಸ್ಟಿಕ್ ಚೀಲ ಹೆಚ್ಚಾದ ಮೇಲೆ ಗೋಣಿಗೆ 1 ಕಿಲೋ, ಪ್ಲಾಸ್ಟಿಕ್‌ಗೆ 200 ಗ್ರಾಂ ಎಂದು ನಿಯಮ ಬದಲಾಯಿತು. ನಾನು ಲಿಬ್‌ನಲ್ಲಿದ್ದ ಫೈಲನ್ನು ತಿದ್ದಿದೆ, ಟರ್ಮಿನಲ್‌ನಲ್ಲಿ ಓಡಿಸಿ ನೋಡಿದೆ, ಲೆಕ್ಕ ಸರಿಯಾಗಿ ಬಂತು.

ಅದೇ ವಾರ ಪಟ್ಟಿಗಳನ್ನು ರಾತ್ರಿ ತಾನಾಗಿಯೇ ತಯಾರಾಗುವಂತೆ ಕ್ರಾನ್‌ಗೆ ಹಾಕಿದೆ. ಮೊದಲ ರಾತ್ರಿ ನಿಮ್ಮಂತೆಯೇ ನನಗೂ ಮಾಡ್ಯೂಲ್ ಸಿಗಲಿಲ್ಲವೆಂಬ ದೂರು ಬಂತು. ಕ್ರಾನ್ .ಬ್ಯಾಶ್‌ಆರ್‌ಸಿಯನ್ನು ಓದುವುದಿಲ್ಲ, ಆದ್ದರಿಂದ ಅಲ್ಲಿ ಬರೆದ ಪೈಥಾನ್‌ಪಾತ್ ಅದಕ್ಕೆ ತಿಳಿದಿರುವುದಿಲ್ಲ. ಇಷ್ಟು ಗೊತ್ತಾದ ಕೂಡಲೇ, ಉಳಿದದ್ದೆಲ್ಲ ಗೊತ್ತೆಂಬ ಧೈರ್ಯದಲ್ಲಿ, ಕ್ರಾನ್ ಕರೆಯುವ ಶೆಲ್ ಫೈಲಿನಲ್ಲಿ ಈ ಸಾಲನ್ನು ಬರೆದೆ:

ಎಕ್ಸ್‌ಪೋರ್ಟ್ ಪೈಥಾನ್‌ಪಾತ್=$ಪೈಥಾನ್‌ಪಾತ್:/ಹೋಮ್/ಅಡಿಕೆ/ಲಿಬ್

ದೂರು ನಿಂತಿತು, ಪಟ್ಟಿಗಳು ಬಂದವು. ದೂರು ನಿಲ್ಲದೇ ಇದ್ದಿದ್ದರೆ ಒಳ್ಳೆಯದಿತ್ತು.

ಈ ಸಾಲಿನಲ್ಲಿ ಏನಾಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ನೂರು ಕಡೆ ಹೀಗೆಯೇ ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಪೈಥಾನ್‌ಪಾತ್‌ನಲ್ಲಿ ಈಗಾಗಲೇ ಇರುವ ಬೆಲೆಯ (ಅಂದರೆ ಅದರಲ್ಲಿ ಬರೆದಿರುವ ವಿಳಾಸಗಳ) ನಂತರ ಹೊಸ ಫೋಲ್ಡರನ್ನು ಜೋಡಿಸುವುದು ಇದರ ಉದ್ದೇಶ. ನನ್ನ ಟರ್ಮಿನಲ್‌ನಲ್ಲಿ ಪೈಥಾನ್‌ಪಾತ್‌ಗೆ ಮೊದಲೇ ಬೇರೊಂದು ಫೋಲ್ಡರಿನ ಬೆಲೆ ಇತ್ತು. ಹಾಗಾಗಿ ಅಲ್ಲಿ ಇದೇ ಸಾಲು ಎರಡು ಫೋಲ್ಡರುಗಳ ನಡುವೆ ಒಂದು ಕೋಲನ್ (:) ಇರುವ ಸರಿಯಾದ ಪಟ್ಟಿಯನ್ನು ಕೊಡುತ್ತಿತ್ತು. ಕ್ರಾನ್‌ನಲ್ಲಿ ಆ ಬೆಲೆ ಖಾಲಿ. ಖಾಲಿಯ ನಂತರ ಕೋಲನ್, ಅದರ ನಂತರ ಲಿಬ್. ಅಂದರೆ ಬೆಲೆ ಕೋಲನ್‌ನಿಂದಲೇ ಆರಂಭವಾಯಿತು. ಕೋಲನ್‌ಗಿಂತ ಮೊದಲು ಏನೂ ಇಲ್ಲದಿದ್ದರೆ ಪೈಥಾನ್ ಅದನ್ನು 'ಏನೂ ಇಲ್ಲ' ಎಂದು ಬಿಟ್ಟುಬಿಡುವುದಿಲ್ಲ, 'ಈಗ ನಿಂತಿರುವ ಫೋಲ್ಡರ್' ಎಂದು ಓದಿಕೊಳ್ಳುತ್ತದೆ. ಕ್ರಾನ್ ಕೆಲಸ ಆರಂಭಿಸುವುದು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ನಿಂತು. ನನ್ನ ಹೋಮ್ ಫೋಲ್ಡರಿನಲ್ಲಿ, ಕೆಲಸ ಶುರುಮಾಡಿದ ಮೊದಲ ದಿನ ಪ್ರಯೋಗಕ್ಕೆಂದು ಬರೆದು ಮರೆತುಹೋಗಿದ್ದ 'ತೂಕ' ಎಂಬ ಹೆಸರಿನದೇ ಹಳೆಯ ಫೈಲ್ ಬಿದ್ದಿತ್ತು.

ಪೈಥಾನ್ ಸಿಸ್.ಪಾತ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ: ಮೊದಲು ಸ್ಕ್ರಿಪ್ಟ್ ಇರುವ ಫೋಲ್ಡರ್, ಆಮೇಲೆ ಪೈಥಾನ್‌ಪಾತ್‌ನಲ್ಲಿರುವವು, ಆಮೇಲೆ ಭಾಷೆಯ ಜೊತೆಗೇ ಬರುವ ಲೈಬ್ರರಿ, ಕೊನೆಗೆ ಪಿಪ್ (ಪೈಥಾನ್ ಪ್ಯಾಕೇಜ್‌ಗಳನ್ನು ಹಾಕುವ ಸಾಧನ) ಹಾಕಿದ್ದೆಲ್ಲ ಇರುವ ಸೈಟ್-ಪ್ಯಾಕೇಜಸ್. ಹೆಸರು ಹೊಂದುವ ಮೊದಲ ಫೈಲ್ ಸಿಕ್ಕಲ್ಲಿಗೆ ಹುಡುಕಾಟ ಮುಗಿಯುತ್ತದೆ. ಕೆಳಗೆ ಅದೇ ಹೆಸರಿನ ಇನ್ನೊಂದು ಇದೆಯೆಂದು ಯಾರೂ ಎಚ್ಚರಿಸುವುದಿಲ್ಲ. ರಾತ್ರಿಯ ಪಟ್ಟಿ ಹಳೆಯ ನಿಯಮದಂತೆ ಪ್ಲಾಸ್ಟಿಕ್ ಚೀಲಕ್ಕೂ 1 ಕಿಲೋ ಕಳೆಯುತ್ತಿತ್ತು, ಹಗಲು ನಾನು ಪರೀಕ್ಷಿಸಿದರೆ 200 ಗ್ರಾಂ.

ಹಿಡಿದವರು ಹುಲೇಕಲ್ ಕಡೆಯ ಒಬ್ಬ ಹಿರಿಯ ಬೆಳೆಗಾರರು. ಪಟ್ಟಿಯನ್ನು ಮೇಜಿನ ಮೇಲಿಟ್ಟು, "ತಮಾ, ನನ್ನದೆಲ್ಲ ಪ್ಲಾಸ್ಟಿಕ್ ಚೀಲ. ಅದು ಒಂದು ಕಿಲೋ ತೂಗ್ತದಾ?" ಎಂದರು. ನಾನು ಅವರ ಎದುರೇ ಸ್ಕ್ರಿಪ್ಟ್ ಓಡಿಸಿ ಸರಿಯಾದ ಪಟ್ಟಿ ತೆಗೆದುಕೊಟ್ಟೆ, ನಿನ್ನೆ ಏನೋ ಎಡವಟ್ಟಾಗಿರಬೇಕು ಎಂದೆ. ಮರುದಿನ ಬೆಳಿಗ್ಗೆಯ ಪಟ್ಟಿಗಳೂ ಹಾಗೆಯೇ ಇದ್ದವು. ಆಮೇಲೆ ಎರಡು ದಿನ ನಾನು, ಪೈಥಾನ್ ಮಾಡ್ಯೂಲ್‌ಗಳ ಸಿದ್ಧಪಡಿಸಿದ ಪ್ರತಿಯನ್ನು ಸಂಗ್ರಹಿಸಿಡುವ ಪೈಕ್ಯಾಷ್ ಫೋಲ್ಡರನ್ನು ಅಳಿಸುತ್ತ ಕುಳಿತೆ. ಅದು ವ್ಯರ್ಥವಾಗಿತ್ತು, ಮೂಲ ಫೈಲಿನ ಸಮಯ ಮತ್ತು ಗಾತ್ರವನ್ನು ಹೋಲಿಸಿ ನೋಡಿಯೇ ಪೈಥಾನ್ ಆ ಸಂಗ್ರಹವನ್ನು ಬಳಸುತ್ತದೆ, ಫೈಲ್ ತಿದ್ದಿದ್ದರೆ ತಾನೇ ಹೊಸದು ಬರೆದುಕೊಳ್ಳುತ್ತದೆ. ಕೊನೆಗೆ ಸ್ಕ್ರಿಪ್ಟಿನ ಮೊದಲಿಗೆ ತೂಕ.__ಫೈಲ್__ ಎಂಬುದನ್ನು (ಮಾಡ್ಯೂಲ್ ಯಾವ ಫೈಲಿನಿಂದ ಬಂತೆಂಬ ವಿಳಾಸ) ಲಾಗ್‌ಗೆ ಬರೆಸಿದಾಗ, ರಾತ್ರಿಯ ಲಾಗ್‌ನಲ್ಲಿ ಲಿಬ್ ಇರಬೇಕಾದ ಜಾಗದಲ್ಲಿ ಹೋಮ್ ಫೋಲ್ಡರಿನ ವಿಳಾಸ ಇತ್ತು. ಹನ್ನೊಂದು ದಿನದಲ್ಲಿ 187 ಪ್ಲಾಸ್ಟಿಕ್ ಚೀಲ, ಚೀಲಕ್ಕೆ 800 ಗ್ರಾಂ, ಒಟ್ಟು 149.6 ಕಿಲೋ, ಕಿಲೋಗೆ 350 ರೂಪಾಯಿ ಹಿಡಿದರೂ 52,360 ರೂಪಾಯಿ. ಹಣವನ್ನು ವಖಾರಿಯವರು ಬೆಳೆಗಾರರ ಖಾತೆಗೆ ಸೇರಿಸಿದರು, ಪಟ್ಟಿಗಳನ್ನು ನಾನು ಎರಡು ರಾತ್ರಿ ಕುಳಿತು ಮತ್ತೆ ಮುದ್ರಿಸಿದೆ.

ಈಗ ನಿಮ್ಮ ಪ್ರಶ್ನೆ. ಎರಡರಲ್ಲಿ ಯಾವುದು ಒಳ್ಳೆಯದೆಂದರೆ, ಎರಡೂ ಬೇಡ. ಕೋಲನ್ ತಪ್ಪನ್ನು ಮಾತ್ರ ಸರಿಪಡಿಸುವುದು ಸುಲಭವೇ: ಹಿಂದಿನ ಬೆಲೆಯನ್ನು ಸೇರಿಸಿಕೊಳ್ಳದೆ ಲಿಬ್‌ನ ಪೂರ್ಣ ವಿಳಾಸವೊಂದನ್ನೇ ಬರೆದರೆ ಸಾಕು. (ಕ್ರಾನ್ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನೊಳಗೇ ಬರೆಯುವ ಯೋಚನೆಯಿದ್ದರೆ, ಅಲ್ಲಿ $ಪೈಥಾನ್‌ಪಾತ್ ಎಂಬುದು ವಿಸ್ತರಣೆಯಾಗುವುದೇ ಇಲ್ಲ, ಅಕ್ಷರಶಃ ಹಾಗೆಯೇ ಉಳಿಯುತ್ತದೆ.) ಆದರೆ ಒಂದೇ ಸ್ಕ್ರಿಪ್ಟ್, ಯಾರು ಎಲ್ಲಿಂದ ಕರೆದರು ಎಂಬುದರ ಮೇಲೆ ಬೇರೆಬೇರೆ ಫೈಲ್ ಹುಡುಕಿಕೊಳ್ಳುವ ಸ್ಥಿತಿ ಹಾಗೆಯೇ ಉಳಿಯುತ್ತದೆ, ಮತ್ತು ನಿಮ್ಮ ತೊಂದರೆಯ ಬೇರು ಅದೇ. ಸಿಸ್.ಪಾತ್‌ಗೆ ಸೇರಿಸುವ ಸಾಲನ್ನು ಪ್ರತಿ ಸ್ಕ್ರಿಪ್ಟಿನ ನೆತ್ತಿಗೆ ಅಂಟಿಸುವುದೂ ನನಗೆ ಹಿಡಿಸುವುದಿಲ್ಲ. ಫೋಲ್ಡರ್ ಒಮ್ಮೆ ಜಾಗ ಬದಲಿಸಿದರೆ ಅಷ್ಟೂ ಸ್ಕ್ರಿಪ್ಟ್‌ಗಳನ್ನು ಹುಡುಕಿ ತಿದ್ದಬೇಕು, ಒಂದು ಉಳಿದೇ ಉಳಿಯುತ್ತದೆ.

ನಿಮ್ಮ ಹಂಚಿಕೆಯ ಮಾಡ್ಯೂಲ್‌ಗಳಿಗೆ ಒಂದು ಪೈಪ್ರಾಜೆಕ್ಟ್.ಟಾಮ್ಲ್ (ಪ್ಯಾಕೇಜಿನ ವಿವರ ಹೇಳುವ ಫೈಲ್) ಬರೆದು ಅವನ್ನು ಪ್ಯಾಕೇಜ್ ಮಾಡಿ. ಪೈಥಾನ್ 3.3ರಿಂದ ಜೊತೆಗೇ ಬರುವ ವೆನ್ವ್‌ನಿಂದ ಪ್ರತ್ಯೇಕ ಪರಿಸರ (ತನ್ನದೇ ಸೈಟ್-ಪ್ಯಾಕೇಜಸ್ ಇರುವ ಫೋಲ್ಡರ್) ಮಾಡಿಕೊಂಡು, ಅದರ ಪಿಪ್‌ನಿಂದ 'ಪಿಪ್ ಇನ್‌ಸ್ಟಾಲ್ -ಇ .' ಎಂದು ಹಾಕಿ. -ಇ ಇರುವುದರಿಂದ ನೀವು ಫೈಲ್ ತಿದ್ದಿದಾಗಲೆಲ್ಲ ಮತ್ತೆ ಹಾಕಬೇಕಾಗಿಲ್ಲ. ಸಾಮಾನ್ಯವಾಗಿ ಅದು ಮಾಡುವುದು ಸೈಟ್-ಪ್ಯಾಕೇಜಸ್‌ನಲ್ಲಿ ನಿಮ್ಮ ಫೋಲ್ಡರಿನ ವಿಳಾಸವಿರುವ ಒಂದು .ಪಿಟಿಎಚ್ ಫೈಲ್ ಬರೆಯುವುದನ್ನೇ. ಅಂದರೆ ಇದೂ ಕೊನೆಗೆ ದಾರಿ ಸೇರಿಸುವ ಕೆಲಸವೇ. ಆದರೆ ಅದು ಆ ಒಂದು ಪರಿಸರಕ್ಕೆ ಮಾತ್ರ ಸೇರಿದ್ದು, ಶೆಲ್ ಯಾವುದಾದರೂ ಬದಲಾಗದು, ಮತ್ತು ಹುಡುಕಾಟದ ಕೊನೆಯಲ್ಲಿ ನಿಲ್ಲುವುದರಿಂದ ಭಾಷೆಯ ಸ್ವಂತ ಲೈಬ್ರರಿಯನ್ನು ಮರೆಮಾಡುವುದಿಲ್ಲ. ಕ್ರಾನ್‌ನಲ್ಲಿ ಆ ಪರಿಸರದ ಬಿನ್ ಫೋಲ್ಡರಿನಲ್ಲಿರುವ ಪೈಥಾನ್‌ನ ಪೂರ್ಣ ವಿಳಾಸ ಕೊಟ್ಟರೆ ಆಯಿತು, ಆಕ್ಟಿವೇಟ್ ಮಾಡುವ ಅಗತ್ಯವಿಲ್ಲ.

ಇಷ್ಟು ಮಾಡಿಯೂ .ಬ್ಯಾಶ್‌ಆರ್‌ಸಿಯ ಹಳೆಯ ಸಾಲನ್ನು ಬಿಡಬೇಡಿ, ಅಳಿಸಿ. ವೆನ್ವ್ ಪೈಥಾನ್‌ಪಾತ್‌ಅನ್ನು ತಡೆಯುವುದಿಲ್ಲ. ಅದು ಒಳಗೂ ಬಂದು ನಿಮ್ಮ ಪ್ಯಾಕೇಜಿಗಿಂತ ಮುಂದೆ ನಿಲ್ಲುತ್ತದೆ. ಸಂಶಯವಿದ್ದರೆ ಪೈಥಾನ್‌ಗೆ ದೊಡ್ಡ ಅಕ್ಷರದ -ಐ ಕೊಟ್ಟು ಓಡಿಸಿ: ಆಗ ಅದು ಪೈಥಾನ್‌ಪಾತ್‌ಅನ್ನೂ ಸ್ಕ್ರಿಪ್ಟಿನ ಫೋಲ್ಡರನ್ನೂ ಗಮನಿಸುವುದಿಲ್ಲ. ಹಾಗೆ ಓಡಿಸಿದಾಗಲೂ ಮಾಡ್ಯೂಲ್ ಸಿಕ್ಕರೆ ಪ್ಯಾಕೇಜ್ ಸರಿಯಾಗಿ ಕುಳಿತಿದೆ.

ಇದೆಲ್ಲಕ್ಕೂ ಮೊದಲು, ಇಂದು ರಾತ್ರಿ ಕ್ರಾನ್‌ನಿಂದಲೇ, ಸಿಸ್.ಪಾತ್ ಪಟ್ಟಿಯನ್ನು ತೋರಿಸುವ 'ಪೈಥಾನ್ -ಎಂ ಸೈಟ್' ಓಡಿಸಿ ಅದರ ಉತ್ತರವನ್ನು ಒಂದು ಫೈಲಿಗೆ ಬರೆಸಿ, ನಾಳೆ ಟರ್ಮಿನಲ್‌ನ ಉತ್ತರದ ಪಕ್ಕದಲ್ಲಿಟ್ಟು ನೋಡಿ. -ಎಂ ಬಳಸಿದಾಗ ನಿಂತಿರುವ ಫೋಲ್ಡರ್ ಹೇಗೂ ಮೊದಲ ಸಾಲಿನಲ್ಲಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಕೆಳಗಿನ ಸಾಲುಗಳಲ್ಲಿ ವ್ಯತ್ಯಾಸ ಹುಡುಕಿ. ಜೊತೆಗೆ ನಿಮ್ಮ ಹೋಮ್ ಫೋಲ್ಡರಿನಲ್ಲಿ ಅದೇ ಹೆಸರಿನ ಹಳೆಯ ಫೈಲ್ ಏನಾದರೂ ಇದ್ದರೆ, ಶೆಲ್ ಫೈಲನ್ನು ಮುಟ್ಟುವ ಮೊದಲೇ ಅದನ್ನು ತೆಗೆದುಬಿಡಿ.