ಜೀನ್ಸಿನ ಲೆಕ್ಕ ಲೇತಿಗೆ ಹೊಂದುವುದಿಲ್ಲ

ನಮಸ್ಕಾರ.

ಬಳ್ಳಾರಿಯ ರಿಪೇರಿ ಶಾಪುಗಳಲ್ಲಿ ಕೆಲಸಗಾರರ ದಕ್ಷತೆ ಅಳೆಯುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಹಾಕಲು ಬರುವುದಿಲ್ಲ. ಆದರೆ ವಿಷಯ ನಮಗೆ ಬೇಕೇ ಬೇಕು. ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಮಶೀನು), ವೆಲ್ಡಿಂಗ್ ಇಟ್ಟುಕೊಂಡವರಿಗೆ ಯಾರಿಗೆ ಎಷ್ಟು ಪಗಾರ ಏರಿಸಬೇಕು ಅನ್ನುವುದು ವರ್ಷ ವರ್ಷದ ತಲೆನೋವು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇವೆ.

ತಪ್ಪು ನಿಮ್ಮ ಕೋಷ್ಟಕದಲ್ಲೇ ಇದೆ. ಜೀನ್ಸ್ ಹೊಲಿಯುವಲ್ಲಿ ದಿನಕ್ಕೆ ಎಷ್ಟು ಪೀಸ್ ಎಂದು ಎಣಿಸಿದ ಹಾಗೆ, ಟಿಪ್ಪರ್ ರಿಪೇರಿ ಶಾಪಿನಲ್ಲಿ ತಿಂಗಳಿಗೆ ಎಷ್ಟು ಜಾಬ್ ಎಂದು ಎಣಿಸಿದ್ದೀರಿ. ಒಬ್ಬರದು 61, ಇನ್ನೊಬ್ಬರದು 38, ಮೂರನೆಯವರದು 22. ಮೂರನೆಯವರನ್ನು ‘ಸುಧಾರಿಸಬೇಕಾದವರು’ ಅಂದಿದ್ದೀರಿ. ಮುಂದಿನ ಪುಟದಲ್ಲಿ ನೀವೇ ಬರೆಯುತ್ತೀರಿ: ಕಲ್ಲು ಪುಡಿಮಾಡುವ ಕ್ರಷರಿನ ಶಾಫ್ಟ್ ಬಂದರೆ ಅವರಿಗೇ ಕೊಡುತ್ತಾರೆ, ಉಳಿದವರು ಮುಟ್ಟುವುದಿಲ್ಲ. ಕಷ್ಟದ ಕೆಲಸವೆಲ್ಲ ನುರಿತವರ ಪಾಲಿಗೆ ಹೋಗುವಾಗ ಬರೀ ಜಾಬ್ ಎಣಿಸಿದರೆ ನುರಿತವರೇ ಹಿಂದೆ ಬೀಳುತ್ತಾರೆ. ಈ ಪಟ್ಟಿಯ ಮೇಲೆ ಪಗಾರ ಕಟ್ಟಿದರೆ ನಾಳೆ ಆ ಶಾಫ್ಟ್ ಹಿಡಿಯುವವರೇ ಸಿಗುವುದಿಲ್ಲ.

ಜೀನ್ಸಿನಲ್ಲಿ ಆ ಎಣಿಕೆ ನಡೆಯುತ್ತದೆ, ಏಕೆಂದರೆ ಜೇಬು ಕೂರಿಸುವವರು ದಿನವಿಡೀ ಜೇಬೇ ಕೂರಿಸುತ್ತಾರೆ. ನೀವು ಎರಡು ಪುಟ ತುಂಬಿಸಿದ, ಅಮೆರಿಕದ ಇಂಜಿನಿಯರ್ ಫ್ರೆಡರಿಕ್ ಟೇಲರ್ ಅವರ ಬೆಥ್ಲೆಹೆಮ್ ಉಕ್ಕಿನ ಕಾರ್ಖಾನೆಯ ಉದಾಹರಣೆಯೂ ಅದೇ ಜಾತಿಯದು. ಸುಮಾರು 42 ಕೆಜಿಯ ಒಂದೇ ಥರದ ಕಬ್ಬಿಣದ ಗಟ್ಟಿಯನ್ನು ಬೆಳಗಿನಿಂದ ಸಂಜೆತನಕ ವ್ಯಾಗನ್ನಿಗೆ ಹೊರುವ ಕೆಲಸ ಅದು; ಒಬ್ಬರಿಗೆ ದಿನಕ್ಕೆ 12 ಟನ್ ಚಿಲ್ಲರೆ ಇದ್ದದ್ದನ್ನು 47ಕ್ಕೆ ಏರಿಸಿದೆ ಎಂದು ಅವರು 1911ರಲ್ಲಿ ಬರೆದರು. ನಿಮ್ಮ ಓದುಗರ ಶಾಪಿನಲ್ಲಿ ಬೆಳಗ್ಗೆ ಬುಷ್, ಮಧ್ಯಾಹ್ನ ಚಾಸಿಸ್ ಬಿರುಕು. ಆ ಎರಡು ಪುಟ ತೆಗೆಯಿರಿ.

ಲೇಖನದ ಜೀವ ನಾಲ್ಕನೇ ಪುಟದ ಒಂದು ಸಾಲಿನಲ್ಲಿದೆ. ‘ಜಾಬ್ ಹೊಸದಾದರೂ ಕೈಕೆಲಸ ಹಳೆಯದೇ’ ಎಂದು ಮೇಸ್ತ್ರಿಯೊಬ್ಬರು ಹೇಳಿದ್ದು. ಅಲ್ಲಿಂದಲೇ ಶುರು ಮಾಡಿ. ಪಿನ್ನು, ಬುಷ್ಷು, ಶಾಫ್ಟು ಯಾವುದೇ ಇರಲಿ, ಚಕ್‌ಗೆ (ಲೇತಿನಲ್ಲಿ ಲೋಹವನ್ನು ಹಿಡಿದು ತಿರುಗಿಸುವ ಭಾಗ) ಹಿಡಿಸುವುದು, ಸೆಂಟರ್ ಹಾಕುವುದು, ಟರ್ನಿಂಗ್, ಥ್ರೆಡ್ಡು ಇವೇ ಮತ್ತೆ ಮತ್ತೆ ಬರುತ್ತವೆ. ಒಂದೊಂದಕ್ಕೂ ಸಮಯ ಕಟ್ಟಬಹುದು.

ಒಂದು ಜಾಬನ್ನು ಪೂರ್ತಿ ಬಿಡಿಸಿ ತೋರಿಸಿ. 50 ಮಿಮೀ ದಪ್ಪ, 300 ಮಿಮೀ ಉದ್ದದ ಮೈಲ್ಡ್ ಸ್ಟೀಲ್ ಪಿನ್ನನ್ನು 44ಕ್ಕೆ ಇಳಿಸಬೇಕು ಅನ್ನಿ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿಗೆ ನಿಮಿಷಕ್ಕೆ 25 ಮೀಟರ್ ವೇಗ ಹಿಡಿದರೆ ಚಕ್ ನಿಮಿಷಕ್ಕೆ ಸುಮಾರು 160 ಸುತ್ತು ತಿರುಗಬೇಕು. ಒಂದು ಸುತ್ತಿಗೆ ಟೂಲ್ 0.25 ಮಿಮೀ ಮುಂದೆ ಸರಿಯುವ ಹಾಗೆ ಫೀಡ್ ಕೊಟ್ಟರೆ, ಈ ತುದಿಯಿಂದ ಆ ತುದಿಗೆ ಒಂದು ಪಾಸಿಗೆ 300 ÷ (0.25 × 160), ಅಂದರೆ ಏಳೂವರೆ ನಿಮಿಷ. ರಫ್ ಎರಡು ಪಾಸಿಗೆ 15. ಫಿನಿಶಿಂಗಿಗೆ ಫೀಡ್ 0.1ಕ್ಕೆ ಇಳಿಸಿದರೆ ಒಂದೇ ಪಾಸಿಗೆ ಹತ್ತಿರ ಹತ್ತಿರ 19. ಒಟ್ಟು 34 ನಿಮಿಷ ಓಡುವುದು ಮಶೀನು, ಅಲ್ಲಿ ಕೈ ಎಷ್ಟು ಚುರುಕಿದ್ದರೂ ಅಷ್ಟೇ. ಕಾರ್ಬೈಡ್ ಟೂಲ್ ಕೊಡಿಸಿದರೆ ಅದು ಇಳಿಯುತ್ತದೆ, ಆದರೆ ಕೊಡಿಸುವವರು ಮಾಲೀಕರು. ಚಕ್ ಹಿಡಿಸಿ, ಫೇಸಿಂಗ್ ಮಾಡಿ, ಸೆಂಟರ್ ಡ್ರಿಲ್ ಹಾಕಿ, ಟೂಲ್ ಮಸೆದು, ಮೈಕ್ರೋಮೀಟರ್ ಹಿಡಿದು ನೋಡುವುದಕ್ಕೆ 25 ನಿಮಿಷ ಇಡಿ. ಕೆಲಸಗಾರರ ಪಳಗಿದ ಕೈ ಕಾಣುವುದು ಈ 25ರಲ್ಲಿ.

ದಣಿವಿಗೆ, ಸ್ವಂತ ಅಗತ್ಯಗಳಿಗೆ ಎಂದು ಅಂದಾಜಿಗೆ ಸೇರಿಸುವ ಹೆಚ್ಚುವರಿ ಹೊತ್ತನ್ನು, ಅಂದರೆ ಭತ್ಯೆಯನ್ನು, ನೀವು ಮರೆತಿದ್ದೀರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಕೈಪಿಡಿಯಲ್ಲಿ ಗಂಡಸರಿಗೆ ಕನಿಷ್ಠ 9%, ಹೆಂಗಸರಿಗೆ 11% ಇದೆ; ಸೆಖೆ, ಹೊಗೆ, ಭಾರಕ್ಕೆ ಬೇರೆಯಾಗಿ ಸೇರಿಸಬೇಕು. ತಗಡಿನ ಸೂರಿನ ಕೆಳಗೆ, ನಮ್ಮ ಏಪ್ರಿಲ್ ಬಿಸಿಲಿನಲ್ಲಿ ವೆಲ್ಡಿಂಗ್ ಮಾಡುವವರಿಗೆ ಜನವರಿಯ ಅಂದಾಜನ್ನೇ ಹಿಡಿಯುವುದು ಅನ್ಯಾಯ.

ಬಿಚ್ಚಿ ನೋಡಿದ ಮೇಲೇ ಗೊತ್ತಾಗುವ ರಿಪೇರಿಗೆ ಇಂಥ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಗಂಟೆಯ ಗೂಡು ಮಾಡಿ: 1ರ ಒಳಗೆ, 1–2, 2–4, 4–8. ಎಲ್ಲರಿಗೂ ಗೊತ್ತಿರುವ ಇಪ್ಪತ್ತು ಹಳೆಯ ಜಾಬುಗಳನ್ನು ಗೂಡುಗಳಿಗೆ ಹಂಚಿ ಬರೆದಿಡಿ. ಹೊಸದು ಬಂದಾಗ ಕೇಳಬೇಕಾದ್ದು ‘ಇದು ಯಾವುದರ ಹಾಗಿದೆ?’ ಅನ್ನುವ ಒಂದೇ ಪ್ರಶ್ನೆ. 2–4ರ ಗೂಡಿಗೆ ಬಿದ್ದರೆ 3 ಗಂಟೆ ಬರೆಯಿರಿ. ಒಂದೊಂದು ಜಾಬಿನಲ್ಲಿ ತಪ್ಪಬಹುದು, ತಿಂಗಳಲ್ಲಿ ಬಹುಮಟ್ಟಿಗೆ ಸರಿದೂಗುತ್ತದೆ. ಹಾಗಾಗಿ ಒಂದು ದಿನದ ಅಂಕಿ ಹಿಡಿದು ಯಾರನ್ನೂ ತರಾಟೆಗೆ ತೆಗೆದುಕೊಳ್ಳಬಾರದು. ಅಂದಾಜನ್ನು ಜಾಬ್ ಕಾರ್ಡಿನಲ್ಲಿ ಬರೆಯುವುದು ಕೆಲಸ ಶುರುವಾಗುವ ಮೊದಲು, ಮಾಡುವವರ ಎದುರಿಗೇ. ಬಿಚ್ಚಿದಾಗ ಬಿರುಕು ಇನ್ನೂ ಉದ್ದ ಇದ್ದರೆ ಹಳೆಯ ಕಾರ್ಡು ತಿದ್ದಬೇಡಿ, ಹೊಸ ಕಾರ್ಡು ಹಾಕಿ.

ಇನ್ನು ದಕ್ಷತೆಯ ಭಾಗಾಕಾರ, ಅಂದರೆ ಮುಗಿಸಿದ ಜಾಬುಗಳ ಅಂದಾಜು ಹೊತ್ತನ್ನು ಕೆಲಸಕ್ಕೆ ಸಿಕ್ಕ ಹೊತ್ತಿನಿಂದ ಭಾಗಿಸುವುದು. ಇಲ್ಲಿ ನೀವು ಮಾಡಿದ್ದು ಬರೀ ತಪ್ಪಲ್ಲ, ಕೆಲಸಗಾರರ ಹೊಟ್ಟೆಯ ಮೇಲೆ ಹೊಡೆಯುವ ತಪ್ಪು. ಒಬ್ಬರು 8 ಗಂಟೆ ಹಾಜರಿದ್ದರು. ಕರೆಂಟ್ ಹೋಗಿ, ಬೇರಿಂಗ್ ಬಾರದೆ ಒಂದೂವರೆ ಗಂಟೆ ಕಾದರು. ಮುಗಿಸಿದ ಜಾಬುಗಳ ಅಂದಾಜು ಕೂಡಿಸಿದರೆ 6 ಗಂಟೆ. ನೀವು 6ನ್ನು 8ರಿಂದ ಭಾಗಿಸಿ 75% ಕೊಡುತ್ತೀರಿ. ಭಾಗಿಸಬೇಕಾದ್ದು ಆರೂವರೆಯಿಂದ, 92% ಬರುತ್ತದೆ. ಕಾದ ಹೊತ್ತಿಗೆ ಕಾರ್ಡಿನಲ್ಲಿ ಬೇರೆ ಕಾಲಂ ಇರಲಿ, ಕಾರಣದ ಸಮೇತ. ಅದು ಮಾಲೀಕರು ಓದಿಕೊಳ್ಳಬೇಕಾದ ಕಾಲಂ.

ಮರುಕೆಲಸವನ್ನು ನೀವು ಹೊಸ ಜಾಬ್ ಎಂದು ಎಣಿಸಿದ್ದೀರಿ, ಅಂದರೆ ಕೆಡಿಸಿದವರಿಗೆ ಎರಡು ಅಂಕ. ವಾಪಸ್ ಬಂದ ಬೆಸುಗೆಗೆ ಹೊಸ ಅಂದಾಜು ಬೇಡ, ಹಿಡಿದ ಹೊತ್ತು ಮಾತ್ರ ಹಳೆಯ ಕಾರ್ಡಿಗೆ ಸೇರಲಿ. ಆದರೆ ಮೊದಲು ಕಾರಣ ನೋಡಬೇಕು. 7018 ಅನ್ನುವ ಜಾತಿಯ ವೆಲ್ಡಿಂಗ್ ರಾಡ್ ತೇವ ಹಿಡಿದಿದ್ದರೆ ಹೈಡ್ರೋಜನ್ ಒಳಸೇರಿ ಬೆಸುಗೆ ಬಿರಿಯುತ್ತದೆ. ರಾಡ್ ಒಣಗಿಸುವ ಓವನ್ನೇ ಇಲ್ಲದ ಶಾಪಿನಲ್ಲಿ ಅದನ್ನು ವೆಲ್ಡರ್ ತಲೆಗೆ ಕಟ್ಟುವ ಹಾಗಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. ‘ಮಾನವ ಸಂಪನ್ಮೂಲದ ಉತ್ಪಾದಕತಾ ಸೂಚ್ಯಂಕ’ ಎಂದು ಶಾಪಿನಲ್ಲಿ ಯಾರೂ ಅನ್ನುವುದಿಲ್ಲ. ನಿಮ್ಮ ಮೇಸ್ತ್ರಿ ಆಡಿದ ಹಾಗೆ ಬರೆಯಿರಿ, ಆ ಸಾಲು ಅಷ್ಟು ಚೆನ್ನಾಗಿ ಬಂದಿದೆ.

ತಿದ್ದಿ ಕಳಿಸುವಾಗ ಒಂದು ವಾರದ ತುಂಬಿದ ಜಾಬ್ ಕಾರ್ಡುಗಳ ಫೋಟೊ ಜೊತೆಗಿರಲಿ. ಹೆಸರು, ಗಾಡಿ ನಂಬರ್ ಮುಚ್ಚಿ ತೆಗೆಯಿರಿ. ಎಣ್ಣೆ ಕಲೆ ಇದ್ದರೆ ಇರಲಿ.