ಕೆರೆಯ ಹಸಿರಿಗೆ ಬ್ಯಾಕ್ಟೀರಿಯಾ ಮದ್ದೇ?

ಪ್ರಶ್ನೆ: ಎರಡು ವರ್ಷಗಳಿಂದ ಬೇಸಿಗೆ ಬಂತೆಂದರೆ ನಮ್ಮೂರ ಕೆರೆಯ ನೀರು ಹಸಿರು ಬಣ್ಣ ಕಲಸಿದಂತಾಗುತ್ತದೆ, ಕೆಲವು ವಾರಗಳ ನಂತರ ಏರಿಯ ಮೇಲೆ ನಿಲ್ಲಲಾಗದಷ್ಟು ಕೊಳೆತ ನಾತ ಬರುತ್ತದೆ. ಬ್ಯಾಕ್ಟೀರಿಯಾದ ಪುಡಿ ಸುರಿದರೆ ಅದು ಪಾಚಿಯನ್ನು ತಿಂದು ನೀರನ್ನು ತಿಳಿಯಾಗಿಸುತ್ತದೆ ಎಂದು ಮಾರಾಟಗಾರರೊಬ್ಬರು ಹೇಳಿದ್ದಾರೆ. ಊರಿನವರು ಚಂದಾ ಎತ್ತಲು ಹೊರಟಿದ್ದಾರೆ. ಪಾಚಿಗೂ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ? ಇದಕ್ಕೆ ಹಣ ಹಾಕಬಹುದೇ?
– ಓದುಗರೊಬ್ಬರು, ಹಾಸನ ಜಿಲ್ಲೆ

ಉತ್ತರ: ಚಂದಾ ಎತ್ತುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಕೆರೆಯ ಹಸಿರು ಯಾವ ಬಗೆಯದೆಂದು ಮೊದಲು ತಿಳಿದುಕೊಳ್ಳಿ. ಕೈಗವಸು ಹಾಕಿಕೊಂಡು ಗಾಜಿನ ಬಾಟಲಿಯಲ್ಲಿ ಮುಕ್ಕಾಲು ಭಾಗ ಕೆರೆಯ ನೀರು ತುಂಬಿ, ಅಲುಗಾಡದಂತೆ ಒಂದು ರಾತ್ರಿ ನೆರಳಿನಲ್ಲಿಡಿ. ಬೆಳಿಗ್ಗೆ ಹಸಿರೆಲ್ಲ ತಳಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಸಾಮಾನ್ಯ ಪಾಚಿ. ಮೇಲೆ ತೇಲಿ ಕೆನೆಯಂತೆ ಕಟ್ಟಿದ್ದರೆ ಅದು ಮೈಕ್ರೋಸಿಸ್ಟಿಸ್‌ನಂಥ ನೀಲಿ-ಹಸಿರು ಪಾಚಿಯಾಗಿರುವ ಸಂಭವವೇ ಹೆಚ್ಚು. ಅದರ ಜೀವಕೋಶಗಳೊಳಗೆ ಗಾಳಿ ತುಂಬಿದ ಸೂಕ್ಷ್ಮ ಕೋಶಿಕೆಗಳಿರುವುದರಿಂದಲೇ ಅದು ತೇಲುತ್ತದೆ. ನಾವು ಪಾಚಿ ಎಂದು ಕರೆಯುವ ಈ ಜೀವಿ ನಿಜಕ್ಕೂ ಪಾಚಿಯಲ್ಲ, ಸೂರ್ಯನ ಬೆಳಕಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ.

ಆ ಕೆನೆಯ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ನೂರಾರು ದುಂಡನೆಯ ಕಣಗಳು ಲೋಳೆಯೊಳಗೆ ಒತ್ತಾಗಿ ಕೂಡಿಕೊಂಡಿರುವುದು ಕಾಣುತ್ತದೆ. ಕಾಮಕಸ್ತೂರಿ ಬೀಜವನ್ನು ನೆನೆಹಾಕಿದಾಗ ಸುತ್ತಲೂ ಕಟ್ಟುವ ಲೋಳೆಯನ್ನು ನೆನೆದುಕೊಂಡರೆ ಅದರ ಕಲ್ಪನೆ ಬರುತ್ತದೆ. ಆ ಲೋಳೆಯಲ್ಲಿ ಬೇರೆ ಜಾತಿಯ ಬ್ಯಾಕ್ಟೀರಿಯಾಗಳೂ ಮನೆ ಮಾಡಿಕೊಂಡಿರುತ್ತವೆ. ಅವು ಸಕ್ಕರೆಯ ಅಂಶಗಳಿಂದಾದ ಈ ಲೋಳೆಯನ್ನೂ ಸತ್ತ ಕಣಗಳನ್ನೂ ತಿಂದು, ಅವುಗಳಲ್ಲಿದ್ದ ರಂಜಕವನ್ನು ಮತ್ತೆ ನೀರಿಗೆ ಬಿಡುತ್ತವೆ. ಹಸಿರು ದಟ್ಟವಾಗಿ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಬತ್ತಿಹೋದ ಹೊತ್ತಿನಲ್ಲಿ ತಮ್ಮ ಉಸಿರಾಟದಿಂದ ಅದನ್ನೂ ಒದಗಿಸುತ್ತವೆ. ನಿಜವಾದ ಪಾಚಿಗಳಲ್ಲಿ ಎಷ್ಟೋ ಜಾತಿಗಳಿಗೆ ಬಿ12 ಜೀವಸತ್ವ ಬೇಕು, ಆದರೆ ತಯಾರಿಸಿಕೊಳ್ಳಲು ಬರುವುದಿಲ್ಲ. ಬ್ಯಾಕ್ಟೀರಿಯಾಗಳಿಂದ ಅವು ಅದನ್ನು ಪಡೆಯುತ್ತವೆಂದು 2005ರಲ್ಲಿ ತೋರಿಸಲಾಯಿತು. ಹಾಗೆಂದು ಇದು ಬರಿಯ ಸ್ನೇಹವೂ ಅಲ್ಲ. ಪಾಚಿಯ ಕೋಶವನ್ನು ಒಡೆಯುವ ಬ್ಯಾಕ್ಟೀರಿಯಾಗಳಿವೆ, ಮೈಕ್ರೋಸಿಸ್ಟಿಸ್ ಬಿಡುವ ಮೈಕ್ರೋಸಿಸ್ಟಿನ್ ಎಂಬ ವಿಷದ ಉಂಗುರದಂಥ ಅಣುವನ್ನು ಕತ್ತರಿಸಿ ಅದರ ಬಲ ಉಡುಗಿಸುವ ಬ್ಯಾಕ್ಟೀರಿಯಾಗಳೂ ಇವೆ. ಆದ್ದರಿಂದ ಮಾರಾಟಗಾರರ ಮಾತು ಪೂರಾ ಸುಳ್ಳಲ್ಲ. ತಿಂದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ.

ಅದು ಹೋಗುವುದು ಎಲ್ಲಿಗೆಂದು ಚೀನಾದ ವೂಶಿ ನಗರದ ಜನ 2007ರ ಮೇ ಕೊನೆಯಲ್ಲಿ ಅನುಭವಿಸಿ ತಿಳಿದರು. ತೈಹು ಸರೋವರದಲ್ಲಿ ಎದ್ದ ನೀಲಿ-ಹಸಿರು ಪಾಚಿ ನಗರಕ್ಕೆ ನೀರೆತ್ತುವ ಜಾಗದ ಬಳಿ ರಾಶಿಬಿದ್ದು ಕೊಳೆಯಿತು. ಕೊಳೆಸಿದ್ದು ಬ್ಯಾಕ್ಟೀರಿಯಾಗಳೇ. ಅವು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಮುಗಿಸಿದವು. ಆಮೇಲೆ ಉಸಿರಿಗೆ ಆಮ್ಲಜನಕ ಬೇಡದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು, ಡೈಮೀಥೈಲ್ ಟ್ರೈಸಲ್ಫೈಡ್‌ನಂಥ ಗಂಧಕದ ಸಂಯುಕ್ತಗಳು ಹುಟ್ಟಿ, ನಲ್ಲಿಯಲ್ಲಿ ನಾರುವ ನೀರು ಬಂತು. ಸುಮಾರು 20 ಲಕ್ಷ ಜನ ಕೆಲವು ದಿನ ಬಾಟಲಿ ನೀರಿಗಾಗಿ ಪರದಾಡಿದರು. ನಿಮ್ಮ ಏರಿಯ ಮೇಲಿನ ನಾತವೂ ಬಹುಶಃ ಇದೇ ಬಗೆಯದು. ಅಂದರೆ ಪಾಚಿಯನ್ನು ತಿನ್ನುವ ಕೆಲಸ ನಿಮ್ಮ ಕೆರೆಯಲ್ಲಿ ಈಗಾಗಲೇ ಚೆನ್ನಾಗಿಯೇ ನಡೆಯುತ್ತಿದೆ.

ಇನ್ನೂ ಕೆಟ್ಟ ಸಂಗತಿ ತಳದ ಗೋಡಿನಲ್ಲಿದೆ. ಆಮ್ಲಜನಕ ಇರುವಷ್ಟು ಕಾಲ ಅಲ್ಲಿನ ಕಬ್ಬಿಣ ರಂಜಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಆಮ್ಲಜನಕ ಮುಗಿದಾಗ ಬ್ಯಾಕ್ಟೀರಿಯಾಗಳು ಅದೇ ಕಬ್ಬಿಣವನ್ನು ಉಸಿರಾಟಕ್ಕೆ ಬಳಸುತ್ತವೆ, ಹಿಡಿತ ಸಡಿಲಿ ರಂಜಕ ನೀರಿಗೆ ಏರುತ್ತದೆ, ಮುಂದಿನ ಹಸಿರಿಗೆ ಅದೇ ಗೊಬ್ಬರವಾಗುತ್ತದೆ. ಕೆರೆಯ ನೀರಿನ ಒಂದೊಂದು ಮಿಲಿಲೀಟರಿನಲ್ಲೂ ಸಾಮಾನ್ಯವಾಗಿ 10 ಲಕ್ಷದಷ್ಟು ಬ್ಯಾಕ್ಟೀರಿಯಾಗಳಿರುತ್ತವೆ. ಅಷ್ಟು ದೊಡ್ಡ ಸಮುದಾಯಕ್ಕೆ ನಾಲ್ಕು ಮೂಟೆ ಪುಡಿ ಸೇರಿಸಿ, ಒಂದು ಚಿಟಿಕೆ ರಂಜಕವನ್ನೂ ಹೊರಗೆ ತೆಗೆಯದೆ ಬಿಟ್ಟರೆ ಕೆರೆ ತಿಳಿಯಾಗುತ್ತದೆಂದು ನಾನು ನಂಬಲಾರೆ.

ರಂಜಕದ ಮೇಲೆ ಇಷ್ಟು ಒತ್ತು ಕೊಡಲು ಕಾರಣವಿದೆ. 1973ರಲ್ಲಿ ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಆಂಟಾರಿಯೋ ಪ್ರಾಂತ್ಯದ 226ನೇ ಸಂಖ್ಯೆಯ ಸರೋವರಕ್ಕೆ ಅಡ್ಡಲಾಗಿ ಪರದೆ ಕಟ್ಟಿ, ಎರಡೂ ಭಾಗಗಳಿಗೆ ಇಂಗಾಲ ಮತ್ತು ಸಾರಜನಕವನ್ನು ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ವರ್ಷವೇ ರಂಜಕ ಬಿದ್ದ ಭಾಗ ಹಸಿರಾಯಿತು; ಪರದೆಯ ಆಚೆಗಿನ ನೀರು ಮೊದಲಿನಂತೆಯೇ ಉಳಿಯಿತು.

ಚಂದಾ ಹಣವನ್ನು ಕೆರೆಗೆ ಬಂದು ಸೇರುವ ಬಚ್ಚಲು ನೀರಿನ ಚರಂಡಿಯನ್ನು ಬೇರೆಡೆಗೆ ತಿರುಗಿಸಲು ಬಳಸಿ. ನೀರು ಇಳಿದಾಗ ಗೋಡು ತೆಗೆದು ಹೊಲಗಳಿಗೆ ಹೊಡೆಯುವ ನಮ್ಮ ಹಿರಿಯರ ರೂಢಿಯನ್ನು ನಿಮ್ಮೂರಲ್ಲಿ ಬಿಟ್ಟಿದ್ದರೆ ಮತ್ತೆ ಶುರುಮಾಡಿ, ಆದರೆ ಕಾರ್ಖಾನೆಯ ನೀರು ಸೇರುವ ಕೆರೆಯಾದರೆ ಮೊದಲು ಗೋಡನ್ನು ಪರೀಕ್ಷೆ ಮಾಡಿಸಿ. ಹೊಲದಿಂದ ಕೊಚ್ಚಿಬಂದ ರಂಜಕ ಹೊಲಕ್ಕೇ ಹಿಂದಿರುಗುವ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುವುದಿಲ್ಲ.

ಪ್ರಶ್ನೆ: ಹಸಿರುಗಟ್ಟಿದ ಕೆರೆಗೆ ಮೈಲುತುತ್ತ ಹಾಕಬಹುದೇ? ಆ ನೀರನ್ನು ಕುದಿಸಿದರೆ ಕುಡಿಯಬಹುದೇ?
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಎರಡೂ ಬೇಡ. ಮೈಲುತುತ್ತ ಕೋಶಗಳನ್ನು ಕೊಲ್ಲುತ್ತದೆ, ಒಳಗಿದ್ದ ವಿಷ ಒಮ್ಮೆಲೇ ನೀರಿಗೆ ಸೇರುತ್ತದೆ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದಲ್ಲಿ ಕುಡಿಯುವ ನೀರಿನ ಜಲಾಶಯಕ್ಕೆ ಅದನ್ನು ಹಾಕಿದ ಕೆಲವೇ ದಿನಗಳಲ್ಲಿ 148 ಮಂದಿ ಕಾಯಿಲೆ ಬಿದ್ದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಕುದಿಸುವುದರಿಂದ ಮೈಕ್ರೋಸಿಸ್ಟಿನ್ ನಾಶವಾಗುವುದಿಲ್ಲ. ನೀರು ಆವಿಯಾಗಿ ಅದು ಇನ್ನಷ್ಟು ಸಾಂದ್ರವಾಗಬಹುದು. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೀಡೊ ನಗರದ ನೀರಿನಲ್ಲಿ ಈ ವಿಷ ಕಂಡಾಗ, ನೀರನ್ನು ಕುಡಿಯಲೂಬೇಡಿ, ಕುದಿಸಲೂಬೇಡಿ ಎಂದು ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಸೂಚಿಸಲಾಗಿತ್ತು. ಕೆನೆ ಕಟ್ಟಿದ ದಂಡೆಯಲ್ಲಿ ದನಕರುಗಳನ್ನೂ ನೀರಿಗೆ ಬಿಡಬೇಡಿ.