ಗಂಗಾವತಿ ತಮ್ಮಗ: ಪರೀಕ್ಷೆಗೆ ಹೆಸರು ನೀನಾ ಬರಸ್ಬೇಕು

ತಮ್ಮಾ, ನಿನ್ನ ಮೆಸೇಜ್ ಓದ್ದೆ. ಗಂಗಾವತಿ ಅಂತ ಬರ್ದಿದ್ದು ನೋಡಿ ಕೈಯಾಗಿನ ಕೆಲ್ಸ ಬಿಟ್ಟು ಕುಂತೀನಿ. ನಮ್ದು ಸಿಂಧನೂರು ಹತ್ರ ಹಳ್ಳಿ, ನಿಮ್ಮ ಹೊಲಕ್ಕೂ ನಮ್ಮ ಹೊಲಕ್ಕೂ ಒಂದಾ ತುಂಗಭದ್ರಾ ಎಡದಂಡಿ ಕಾಲುವಿ ನೀರು. ಅಕ್ಟೋಬರ್‌ಗೆ ಒಂದು ಸೆಮಿಸ್ಟರ್ ಓದಾಕ ಜರ್ಮನಿಗೆ ಬರ್ತೀನಿ ಅಕ್ಕಾ, ರೊಕ್ಕ ಎಷ್ಟು ಬೇಕು, ಊಟಕ್ಕೇನು, ಪಾರ್ಟ್ ಟೈಮ್ ಸಿಗ್ತೈತಾ, ಚಳಿ ಹೆಂಗ, ಓದೋದು ಭಾಳ ಕಷ್ಟ ಐತೇನು ಅಂತ ಕೇಳಿದಿ. ಓದೋದರ ಬಗ್ಗೆ ಮಾತ್ರ ಉದ್ದ ಬರೀತೀನಿ, ಉಳಿದಿದ್ದು ನಿಂಗ ಬೇರೆಯವ್ರೂ ಹೇಳ್ತಾರ.

ರೊಕ್ಕ: ಬ್ಲಾಕ್ಡ್ ಅಕೌಂಟ್ ಅಂದ್ರ ಮೊದಲಾ ರೊಕ್ಕ ಇಟ್ಟು ತಿಂಗಳಿಗಿಷ್ಟಂತ ತಗೊಳ್ಳೋ ಬ್ಯಾಂಕ್ ಖಾತೆ, ವೀಸಾದವ್ರು ಅದಕ್ಕ ಈಗ ಹಿಡಿಯೋ ಲೆಕ್ಕ ತಿಂಗಳಿಗೆ 992 ಯೂರೋ, ವರ್ಷಕ್ಕ 11,904. ದೊಡ್ಡ ಊರಾಗ ರೂಮ್ ಬಾಡಿಗೀನಾ ಅದ್ರಾಗ ಅರ್ಧ ತಿಂತೈತಿ. ಹಾಸ್ಟೆಲ್‌ಗೆ ಇವತ್ತಾ ಅರ್ಜಿ ಹಾಕು, ನಾಳಿಗಂತ ಇಡಬ್ಯಾಡ. ಪಾರ್ಟ್ ಟೈಮ್ ಸಿಗ್ತೈತಿ, ವರ್ಷಕ್ಕ 140 ಪೂರಾ ದಿನ ಇಲ್ಲಾ 280 ಅರ್ಧ ದಿನ ಮಾಡಬಹುದು ಅಂತ ರೂಲ್ ಐತಿ, ಆದ್ರ ಆರು ತಿಂಗಳಿಗೆ ಬರೋನು ಅದನ್ನ ನಂಬಿ ವಿಮಾನ ಹತ್ತಬಾರ್ದು. ರೂಮಿಗೆ ಸೇರಿದ ಎರಡು ವಾರದಾಗ ಊರಿನ ಆಫೀಸಿಗೆ ಹೋಗಿ ವಿಳಾಸ ರಿಜಿಸ್ಟರ್ ಮಾಡಸ್ಬೇಕು, ಮನಿ ಮಾಲಕರ ಸಹಿ ಇರೋ ಕಾಗದ ಬೇಕಾಗ್ತೈತಿ, ಕೀಲಿ ಇಸ್ಕೊಳ್ಳೋ ದಿನಾನಾ ಅದನ್ನೂ ಇಸ್ಕೊಂಡು ಬಿಡು.

ಊಟ. ನಾ ಬಂದಿಳಿದಿದ್ದು 2014ರ ಅಕ್ಟೋಬರ್ 3ಕ್ಕ. ಅವತ್ತು ಇಲ್ಲಿ ಎರಡು ಜರ್ಮನಿ ಒಂದಾದ ದಿನದ ರಜಾ, ನಂಗೊತ್ತಿರ್ಲಿಲ್ಲ, ಅಂಗಡಿ ಎಲ್ಲಾ ಮುಚ್ಚಿದ್ವು, ಭಾನುವಾರನೂ ಹಿಂಗಾ ಇರ್ತೈತಿ ನೋಡು. ಊರಾಗ ಬನ್ನಿ ಹಬ್ಬದ ಗದ್ಲ, ನಾ ಇಲ್ಲಿ ಹಾಸಿಗಿನೂ ಇಲ್ಲದ ರೂಮಿನಾಗ ನೆಲದ ಮ್ಯಾಲೆ ಕುಂತು ನಮ್ಮವ್ವ ಕಟ್ಟಿದ ಖಡಕ್ ರೊಟ್ಟಿ ಶೇಂಗಾ ಚಟ್ನಿ ತಿಂದೆ, ನಳದ ನೀರು ಕುಡದೆ. ಆ ರೊಟ್ಟಿ ಇರಲಿಲ್ಲ ಅಂದ್ರ ಅವತ್ತು ಉಪವಾಸ. ಅದಕ್ಕ ನೀನೂ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಕಟ್ಟಿಸ್ಕೊಂಡು ಬಾ, ಆದ್ರ ತುಪ್ಪ, ಪೇಡಾ, ಖೋವಾದ್ದು ಏನೂ ತರಬ್ಯಾಡ, ಹೊರಗಿಂದ ಹಾಲಿನ ಸಾಮಾನು, ಮಾಂಸ ತರಾಕ ಯುರೋಪಿನಾಗ ಬಿಡಂಗಿಲ್ಲ, ನಿಮ್ಮವ್ವ ಎಷ್ಟು ಹೇಳಿದ್ರೂ ತರಬ್ಯಾಡ. ಜ್ವಾಳದ ಹಿಟ್ಟು ಇಂಡಿಯನ್ ಅಂಗಡಿಯಾಗ ಸಿಗ್ತೈತಿ, ಆದ್ರ ಕರೆಂಟ್ ಒಲಿ ಮ್ಯಾಲೆ ರೊಟ್ಟಿ ಉಬ್ಬಂಗಿಲ್ಲ, ಹನ್ನೊಂದು ವರ್ಷದ ಮ್ಯಾಲಾತು, ನಂದಿನ್ನೂ ಸರಿಯಾಗಿ ಉಬ್ಬಂಗಿಲ್ಲ.

ಚಳಿಗೆ ಜಾಕೆಟ್ ಇಲ್ಲೇ ತಗೋ. ಚಳಿಗಿಂತ ಕತ್ಲಿ ಜಾಸ್ತಿ ಕಾಡ್ತೈತಿ, ಡಿಸೆಂಬರ್‌ನಾಗ ಮುಂಜಾನಿ ಎಂಟಕ್ಕ ಬೆಳಕಾಗಿ ಸಂಜಿ ನಾಕಕ್ಕ ಮುಳುಗ್ತೈತಿ. ಅಕ್ಟೋಬರ್ ಕಡೀ ಭಾನುವಾರ ಗಡಿಯಾರ ಒಂದು ತಾಸು ಹಿಂದಕ ಹಾಕ್ತಾರ, ಆಮ್ಯಾಲೆ ಊರಿಗೂ ಇಲ್ಲಿಗೂ ನಾಕೂವರಿ ತಾಸು ಫರಕು. ಮನಿಯಾಗ ಒಂಬತ್ತಕ್ಕ ಮಲಗ್ತಾರಂದ್ರ ನೀ ನಾಕೂವರಿ ಒಳಗ ಫೋನ್ ಮಾಡ್ಬೇಕು.

ಇನ್ನ ಓದೋದು. ಪಾಠ ಕಷ್ಟ ಇಲ್ಲ ತಮ್ಮಾ, ನೀ ಮಾಡ್ತಿ. ನಾ ಸೋತಿದ್ದು ಪಾಠದಾಗಲ್ಲ.

ನಮ್ಮ ಇಂಜಿನಿಯರಿಂಗ್ ಕಾಲೇಜಿನಾಗ ಹೆಂಗ ಅಂತ ನಿಂಗೊತ್ತು. ಪರೀಕ್ಷೆ ಬಂತಂದ್ರ ಕ್ಲರ್ಕ್ ಸರ್ ಕ್ಲಾಸಿಗಾ ಬಂದು ಫೀಸ್ ಕಟ್ರಿ, ಫಾರ್ಮ್ ತುಂಬ್ರಿ ಅಂತ ಒದರ್ತಾರ, ತುಂಬದವ್ರ ಹೆಸರು ಬೋರ್ಡಿಗೆ ಹಚ್ತಾರ, ಆದ್ರೂ ತಡ ಆತಂದ್ರ ದಂಡ ಕಟ್ಟಿ ತುಂಬಬಹುದು, ಹಾಲ್ ಟಿಕೆಟ್ ಕೈಯಾಗ ಕೊಡ್ತಾರ. ನಾ ಅದಾ ತಲಿಯಾಗ ಇಟ್ಕೊಂಡು ಬಂದಿದ್ದೆ. ಇಲ್ಲಿ ಕ್ಲಾಸಿಗೆ ಹೆಸರು ಕೊಡೋ ವೆಬ್‌ಸೈಟ್ ಬ್ಯಾರೆ, ಪರೀಕ್ಷೆಗೆ ಹೆಸರು ಕೊಡೋ ವೆಬ್‌ಸೈಟ್ ಬ್ಯಾರೆ. ನಾ ಮೊದಲನೇದ್ರಾಗ ನಾಕೂ ಸಬ್ಜೆಕ್ಟಿಗೆ ಸೇರಿದ್ದೆ, ಮುಂದಿನ ಬೆಂಚಿಗೆ ಕುಂತು ಒಂದು ಕ್ಲಾಸೂ ತಪ್ಪಿಸ್ಲಾರ್ದ ಕೇಳಿದೆ, ಅಸೈನ್ಮೆಂಟ್ ಎಲ್ಲಾ ಕೊಟ್ಟೆ. ಎರಡನೇದು ಒಂದು ಐತಿ ಅನ್ನೋದಾ ಗೊತ್ತಿಲ್ಲ. ಯೂನಿವರ್ಸಿಟಿಯವ್ರು ಕೊಟ್ಟ ಇಮೇಲ್‌ಗೆ ಎರಡು ಸಲ ನೆನಪು ಮಾಡಿ ಕಳಿಸಿದ್ರಂತ, ಜರ್ಮನ್‌ನಾಗ. ನಾ ಆ ಇಮೇಲ್ ತೆರೀತಾನಾ ಇರಲಿಲ್ಲ, ಎಲ್ಲಾ ಜಿಮೇಲ್.

ಆ ಗಡುವಿನ ದಿನಗಳು ನಂಗ ಈಗೂ ನೆನಪು ಅದಾವ, ಯಾಕಂದ್ರ ಅವಾಗಾ ಎಳ್ಳ ಅಮಾಸಿ ಬಂದಿತ್ತು. ಅಪ್ಪ ಹೊಲದಿಂದ ಫೋನ್ ಮಾಡಿ, ಚರಗ ಚೆಲ್ಲಿ ಬಂದ್ವಿ ನೋಡವ್ವಾ, ಸಜ್ಜಿ ಕಡಬು ನಿನ್ನ ಪಾಲಿಂದು ನಾನಾ ತಿಂದೆ ಅಂದ. ಒಂದು ತಾಸು ಮಾತಾಡಿದ್ವಿ. ನಂಗೇನೂ ತಿಳಿದಂಗ ಆ ವಾರ ಕಳೀತು.

ಜನವರಿಯಾಗ ಪಕ್ಕದ ರೂಮಿನ ಹುಡುಗಿ ಎಷ್ಟು ಪರೀಕ್ಷೆಗೆ ಹೆಸರು ಕೊಟ್ಟಿ ಅಂತ ಕೇಳಿದಾಗ ಗೊತ್ತಾತು. ಗಡುವು ಮುಗದು ಎಂಟು ದಿನ ಆಗಿತ್ತು. ಪರೀಕ್ಷಾ ಆಫೀಸ್ ವಾರದಾಗ ಎರಡಾ ದಿನ ತೆರೀತಿತ್ತು, ಬಾಗ್ಲು ತೆರೆಯೋಕಿಂತ ಒಂದು ತಾಸು ಮೊದಲಾ ಹೋಗಿ ನಿಂತೆ. ಅಲ್ಲಿ ಕುಂತಿದ್ದ ಆಯಮ್ಮ ಪೂರಾ ಕೇಳಿದ್ಲು, ಗಡುವು ಮುಗದೈತಿ ಅಂದ್ಲು. ದಂಡ ಕಟ್ತೀನಿ ಅಂದೆ, ಅಂಥಾದ್ದು ಇಲ್ಲ ಅಂದ್ಲು. ಕಡೀಕ ಕೈ ಮುಗದೆ ತಮ್ಮಾ, ಆಯಮ್ಮಗ ಅದೇನಂತ ತಿಳೀದ ಮುಖ ಕೆಂಪಗ ಆತು, ನೀರು ಕುಡೀತೀಯಾ ಅಂತ ಕೇಳಿದ್ಲು. ಬೈಲಿಲ್ಲ, ಲಂಚ ಕೇಳ್ಲಿಲ್ಲ, ನಾಳಿ ಬಾ ಅಂತ ಅಡ್ಡಾಡಿಸ್ಲಿಲ್ಲ, ಅದಕ್ಕಾ ನಂಗ ಯಾರ ಮ್ಯಾಲೆ ಸಿಟ್ಟು ಮಾಡ್ಬೇಕು ಅನ್ನೋದಾ ತಿಳೀಲಿಲ್ಲ. ಪ್ರೊಫೆಸರ್ ಹತ್ರ ಹೋದೆ, ನೀ ದಿನಾ ಬರ್ತಿದ್ದಿ ನಂಗೊತ್ತು, ಆದ್ರ ಪಟ್ಟಿಯಾಗ ಹೆಸರಿಲ್ಲದವ್ರ ಪೇಪರ್ ನಾ ತಿದ್ದಂಗಿಲ್ಲ ಅಂದ್ರು. ನಾಕೂ ಹೋದ್ವು, ಅದ್ರಾಗ ಎರಡು ಪರೀಕ್ಷೆ ವರ್ಷಕ್ಕ ಒಂದಾ ಸಲ ನಡಿಯೋವು.

ಫೆಬ್ರವರಿಯಾಗ ಅಪ್ಪ ಕೇಳಿದ, ಪರೀಕ್ಷೆ ಹೆಂಗಾದ್ವವ್ವಾ? ಚಲೋ ಆದ್ವು ಅಂದೆ.

ಅಷ್ಟಾ ಅಂದಿದ್ದು. ಅವ ಊರಾಗ ಎಲ್ಲಾರಿಗೂ ಹೇಳ್ಕೊಂಡು ಬಂದ, ಗುಡಿಗೆ ಹೋಗಿ ಕಾಯಿ ಒಡಸಿದ, ನಂಗ ಅದ್ರ ಫೋಟೋನೂ ಬಂತು. ಆಮ್ಯಾಲೆ ಕೋರ್ಸ್ ಮುಗಿಯಾಕ ಆರು ತಿಂಗಳು ಜಾಸ್ತಿ ಹಿಡದಾಗ ಪ್ರಾಜೆಕ್ಟ್ ದೊಡ್ಡದೈತಿ ಅಂದೆ. ಆ ಆರು ತಿಂಗಳ ಖರ್ಚಿಗೆ ಎರಡನೇ ಬೆಳಿ ಭತ್ತ ಮಾರಿ ಎತ್ತಿಟ್ಟಿದ್ದ ರೊಕ್ಕ ಕಳಿಸಿದ, 2015ರ ಮಳಿ ಕೈ ಕೊಟ್ಟ ಮ್ಯಾಲೆ ಆ ರೊಕ್ಕ ಮನಿಗಾ ಬೇಕಿತ್ತು. ಬ್ಯಾಡ ಅನ್ನಾಕ ನಂಗ ಬಾಯಿ ಬರ್ಲಿಲ್ಲ, ಬ್ಯಾಡ ಅಂದ್ರ ಯಾಕ ಅಂತ ಹೇಳ್ಬೇಕಿತ್ತಲ್ಲ.

ಇವತ್ತಿಗೂ ಹೇಳಿಲ್ಲ. ಕೆಲ್ಸ ಸಿಕ್ತು, ರೊಕ್ಕ ಎರಡು ಪಟ್ಟು ವಾಪಸ್ ಕಳಿಸೀನಿ, ಮನಿ ಕಟ್ಟಿಸೀವಿ. ಊರಿಗೆ ಹೋದಾಗ ಕಟ್ಟಿ ಮ್ಯಾಲೆ ಕುಂತವ್ರಿಗೆ, ನನ್ನ ಮಗಳು ಒಂದು ಪರೀಕ್ಷೆನೂ ಬಿಟ್ಟಾಕಿ ಅಲ್ಲ ಅಂತ ಈಗೂ ಹೇಳ್ತಾನ, ನಾ ಒಳಗ ಹೋಗಿಬಿಡ್ತೀನಿ.

2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಚೈನ್ ಕಡದು ಹೋತಲ್ಲ, ನಿಮ್ಮ ಮನಿಯಾಗೂ ಯಾರೂ ಮಲಗಿರಂಗಿಲ್ಲ. ನಾ ಇಲ್ಲಿ ಮೊಬೈಲ್ ಹಿಡ್ಕೊಂಡು ನೀರು ಹೋಗೋದಾ ನೋಡ್ಕೊಂತ ಕುಂತಿದ್ದೆ. ಅಪ್ಪಗ ಫೋನ್ ಮಾಡಿದ್ರ, ಏನೂ ಆಗಂಗಿಲ್ಲವ್ವಾ, ಡ್ಯಾಮ್ ತುಂಬ ನೀರೈತಿ, ನೀ ಕೆಲ್ಸಕ್ಕ ಹೋಗು ಅಂದ. ಗೇಟಿನ ಜಾಗಕ್ಕ ಸ್ಟಾಪ್ ಲಾಗ್ ಅನ್ನೋ ಕಬ್ಬಿಣದ ಅಡ್ಡ ತಡೆ ಇಳಿಸಿ ನೀರು ನಿಲ್ಲೋ ಮಟ ಅವ ರಾತ್ರಿ ನಿದ್ದಿ ಮಾಡಿಲ್ಲ ಅಂತ ಆಮ್ಯಾಲೆ ಅವ್ವ ಹೇಳಿದ್ಲು. ಚಲೋ ಆದ್ವು ಅಂತ ನಾ ಅಂದಿದ್ದ ದನೀನಾ ಅವತ್ತು ಅವನ ಬಾಯಾಗ ಕೇಳಿಸ್ತು ನಂಗ. ನಾ ಅಂದಿದ್ದು ಅವಗ ಅವಾಗಾ ತಿಳಿದಿತ್ತೋ ಏನೋ ಅಂತ ಅವತ್ತಿಂದ ತಲಿಯಾಗ ಕುಂತೈತಿ.

ನಂಗಾದ್ರ ಮುಂದ ಇನ್ನೂ ಸೆಮಿಸ್ಟರ್ ಇದ್ವು. ನಿಂಗ ಇರೋದಾ ಒಂದು, ಇಲ್ಲಿ ಪಾಸಾದ ಕ್ರೆಡಿಟ್ ಹಿಡ್ಕೊಂಡು ನಿಮ್ಮ ಕಾಲೇಜಿಗೆ ಹೋಗ್ಬೇಕು. ಅದಕ್ಕ ಬಂದ ಮೊದಲನೇ ವಾರದಾಗಾ ಇಂಟರ್‌ನ್ಯಾಷನಲ್ ಆಫೀಸಿಗೆ ಹೋಗಿ, ಪರೀಕ್ಷೆಗೆ ಹೆಸರು ಎಲ್ಲಿ ಕೊಡೋದು, ಕಡೀ ದಿನ ಯಾವುದು ಅಂತ ಕೇಳಿ ಗೋಡಿಗೆ ಬರ್ದು ಹಚ್ಚು. ಹೊಸದಾಗಿ ಬಂದೀನಿ ತಿಳಿವಲ್ದು ಅನ್ನಾಕ ನಾಚ್ಕೋಬ್ಯಾಡ, ಕೇಳಿದ್ರ ಇಲ್ಲಿ ಎಲ್ಲಾರೂ ಹೇಳ್ತಾರ, ಕೇಳ್ಲಾರ್ದ ಯಾರೂ ಹೇಳಂಗಿಲ್ಲ. ಯೂನಿವರ್ಸಿಟಿ ಇಮೇಲ್ ದಿನಾ ತೆರೀ, ಜರ್ಮನ್ ಇದ್ರ ಟ್ರಾನ್ಸ್‌ಲೇಟ್ ಮಾಡಿ ಓದು. ಮಾರ್ಕ್ಸ್ ಇಲ್ಲಿ ತಿರುಗಮುರುಗ, 1.0 ಎಲ್ಲಾದಕ್ಕಿಂತ ಮ್ಯಾಲಿಂದು, 4.0 ಬಂದ್ರ ಪಾಸು, 5.0 ಅಂದ್ರ ಫೇಲು, ಇದನ್ನ ಮನಿಯಾಗ ಮೊದಲಾ ಹೇಳಿ ಬಾ.

ಹೆಸರು ಕೊಟ್ಟ ಮ್ಯಾಲೆ ಸ್ಕ್ರೀನ್‌ಶಾಟ್ ತಗದು ನಂಗ ಕಳಸು, ನಡುರಾತ್ರಿ ಆದ್ರೂ ಕಳಸು, ನಾ ನೋಡ್ತೀನಿ. ಯಾವುದಾದ್ರೂ ಒಂದು ತಪ್ಪಿದ್ರ ನಂಗಿಂತ ಮೊದಲು ನಿಮ್ಮಪ್ಪಗ ಫೋನ್ ಮಾಡು, ನಾಕೂವರಿ ಒಳಗ.